ಲಯನೆಲ್ ಬರೆದ ಬೋರ್ಡು

ಈ ಸಮುದ್ರಕ್ಕೊಂದು ಸುಕ್ಕು ಬಿದ್ದಿದೆ, ಕಿಟಕಿಯಾಚೆ, ಹಡಗಿನ ತುಸು ಎಡಕ್ಕೆ, ಬಣ್ಣ ಬಳಿದ ಪರದೆಯನ್ನು ಇನ್ನಷ್ಟು ಬಿಗಿಯಾಗಿ ಎಳೆದು ಕಟ್ಟಬೇಕಿತ್ತು, ಪರವಾಗಿಲ್ಲ, ಮನೆಯಲ್ಲಿ ಕೂತು ಟೀವಿ ನೋಡುವವರಿಗೆ ಅದು ಅಲೆಯಂತೆ ಕಂಡೀತು — ಮೂರು ವರ್ಷದಿಂದ ಇದೇ ಸಮುದ್ರ, ಇದೇ ಬೆತ್ತದ ಕುರ್ಚಿ, ಇದೇ ಪ್ಲಾಸ್ಟಿಕ್ ಹೂಕುಂಡ, ಮ್ಯಾಂಚೆಸ್ಟರಿನ ಸ್ಟುಡಿಯೊದೊಳಗೆ ಹಲಗೆಯಿಂದ ಕಟ್ಟಿದ ವೃದ್ಧಾಶ್ರಮ, ಇಲ್ಲಿ ನಾನು ಹೆಸ್ಟರ್ ಪಿಂಬ್ಲೆಟ್ ಅಲ್ಲ, ಮಿಸೆಸ್ ಕ್ರಿಂಪ್, ಯಾರಿಗೂ ಹೆದರದ ಮುದುಕಿ, ಆಶ್ರಮ ನೋಡಿಕೊಳ್ಳುವ ಮೇಟ್ರನ್ ಬಂದು ನಿಮಗೇನಾದ್ರೂ ಬೇಕಾ ಮಿಸೆಸ್ ಕ್ರಿಂಪ್ ಅಂದರೆ ಬೇಕು ಕಣಮ್ಮ, ಇನ್ನೊಂದಿಪ್ಪತ್ತು ವರ್ಷ, ಜೊತೆಗೊಂದು ಗ್ಲಾಸ್ ಶೆರಿ ಅನ್ನುವವಳು, ಅಂದ ತಕ್ಷಣ ಎದುರಿನ ಕತ್ತಲು ಗೊಳ್ಳೆನ್ನುತ್ತದೆ, ಆ ನಗುವಿನ ಕಾವು ಮಂಡಿಗೆ ಬಡಿಯುತ್ತದೆ, ಹೀಟರಿನ ಮುಂದೆ ಕೂತ ಹಾಗೆ — ಇವತ್ತೂ ಬಂದಿದ್ದಾರೆ ಮುನ್ನೂರು ಜನ, ಬೋಲ್ಟನ್ನಿಂದ, ಓಲ್ಡಮ್‌ನಿಂದ ಬಸ್ಸು ಮಾಡಿಕೊಂಡು, ಒದ್ದೆ ಕೋಟುಗಳ ವಾಸನೆ ಇಲ್ಲಿಯವರೆಗೂ ಬರುತ್ತಿದೆ, ಶೂಟಿಂಗ್ ಶುರುವಾಗುವ ತನಕ ಅವರನ್ನು ನಗಿಸಿ ಹದಕ್ಕೆ ತರಲು ಒಬ್ಬ ಮೈಕು ಹಿಡಿದು ಅತ್ತೆಯ ಜೋಕು ಹೇಳುತ್ತಿದ್ದಾನೆ, ಹೇಳಲಿ, ನಿಧಾನವಾಗಿ ಹೇಳಲಿ, ನನ್ನ ಮೂರನೆಯ ಪುಟ ಇನ್ನೂ ಒಳಗೆ ಕೂತಿಲ್ಲ. ಹದಿನಾಲ್ಕು ವರ್ಷ ಯಾರೂ ನಟನೆಗೆ ಕರೆಯದೆ ಮೋರ್ಕ್ಯಾಂಬಿನ ಉಣ್ಣೆಯ ಅಂಗಡಿಯಲ್ಲಿ ನಿಂತಿದ್ದವಳು ನಾನು, ಫೋನು ಬಂದಾಗ ಕೈಯಲ್ಲಿ ಸಾಸಿವೆ ಬಣ್ಣದ ನೂಲಿನ ಉಂಡೆ, ನಿಮ್ಮ ವಯಸ್ಸೆಷ್ಟು ಅಂದರು, ಎಂದಿನಂತೆ ಅರವತ್ತೆರಡು ಅಂದೆ, ಅಯ್ಯೋ, ನಮಗೆ ಸ್ವಲ್ಪ ಜಾಸ್ತಿ ವಯಸ್ಸಾದೋರು ಬೇಕಿತ್ತಲ್ಲ ಅಂದರು, ಹಾಗಾದ್ರೆ ಎಪ್ಪತ್ತೊಂದು ಅಂದೆ — ಜೀವನದಲ್ಲಿ ಮೊದಲ ಸಲ ನಿಜ ಹೇಳಿ ಪಾತ್ರ ಗಿಟ್ಟಿಸಿದೆ. ಆಮೇಲೆ ಬಂದದ್ದೆಲ್ಲ ಬಯಸದೆ ಬಂದದ್ದು, ಬಸ್ಸಿನಲ್ಲಿ ಅಪರಿಚಿತ ಹೆಂಗಸೊಬ್ಬಳು ನನ್ನ ಎರಡೂ ಕೈ ಹಿಡಿದು, ನೀವು ಆ ಮೇಟ್ರನ್‌ಗೆ ಅಂದ್ರಲ್ಲ, ಅದನ್ನ ನಾನು ನನ್ನ ಸೊಸೆಗೆ ಹನ್ನೊಂದು ವರ್ಷದಿಂದ ಅನ್ಬೇಕು ಅನ್ಕೊಂಡಿದ್ದೆ ಕಣ್ರೀ, ಮೊನ್ನೆ ಅಂದೇಬಿಟ್ಟೆ, ಎಂದಳು, ಅವಳ ಕಣ್ಣು ತುಂಬಿತ್ತು, ನನಗೆ ಇಳಿಯಬೇಕಾದ ಸ್ಟಾಪು ದಾಟಿಹೋಯಿತು, ಮಳೆಯಲ್ಲಿ ಹಿಂದಕ್ಕೆ ನಡೆದು ಬಂದೆ, ಹಾಡಿಕೊಂಡು.

ಎದುರು ಕುರ್ಚಿಯಲ್ಲಿ ಲಯನೆಲ್ ಟೈ ಸರಿಮಾಡಿಕೊಳ್ಳುತ್ತಿದ್ದಾನೆ, ಧಾರಾವಾಹಿಯಲ್ಲಿ ಪಕ್ಕದ ಕೋಣೆಯ ಮಿಸ್ಟರ್ ಟಾಡ್, ಮೂರು ವರ್ಷದಲ್ಲಿ ಒಂದೇ ಒಂದು ಮಾತು ತಪ್ಪದವನು, ಈಚೆಗೆ ಏನಾಯಿತೋ ಪಾಪ — ಇಲ್ಲ, ಮೊದಲು ತಪ್ಪಿದ್ದು ನಾನು, ಕಳೆದ ವಾರ ಚರ್ಚಿನ ಸಭಾಂಗಣದಲ್ಲಿ ತಾಲೀಮು, ಒಂದೇ ಜಾಗದಲ್ಲಿ ಮೂರು ಸಲ ನಿಂತೆ, ಮಾತು ಮರೆತದ್ದಲ್ಲ, ಮಾತಿದ್ದ ಜಾಗವೇ ಇರಲಿಲ್ಲ, ರಾತ್ರೋರಾತ್ರಿ ಯಾರೋ ಬೀರು ಎತ್ತಿಕೊಂಡು ಹೋದ ಮೇಲೆ ಗೋಡೆ ಮಾತ್ರ ಉಳಿದ ಹಾಗೆ, ಆಮೇಲೆ ಟೀ ಹಂಡೆಯ ಹಿಂದೆ ನಾವಿಬ್ಬರು ಇದ್ದದ್ದು ಗೊತ್ತಿಲ್ಲದೆ ನಿರ್ದೇಶಕಿ ಫಿಲಿಪ್ಪಾ ಬರಹಗಾರನಿಗೆ ಹೇಳಿದ್ದು ಕೇಳಿಸಿತು, ಇನ್ನೊಂದ್ಸಲ ಹೀಗಾದ್ರೆ ಕ್ರಿಂಪ್‌ನ ಸಾಯಿಸಿಬಿಡೋಣ, ವೃದ್ಧಾಶ್ರಮ ತಾನೇ, ಒಂದು ಹಾಸಿಗೆ ಖಾಲಿಯಾದ್ರೆ ಯಾಕೆ ಅಂತ ಯಾರೂ ಕೇಳಲ್ಲ. ಕೆಟ್ಟ ಹುಡುಗಿಯಲ್ಲ ಅವಳು, ಹುಟ್ಟುಹಬ್ಬಕ್ಕೆ ನನಗೆ ಕೇಕು ತಂದವಳು, ಆದರೂ ನಾನು ಕುಡಿಯದೆ ಟೀ ಕಪ್ಪನ್ನು ಕೆಳಗಿಟ್ಟೆ, ಲಯನೆಲ್ ಟೀಯಲ್ಲಿ ಅದ್ದಿದ ಬಿಸ್ಕತ್ತನ್ನು ಎತ್ತುವುದು ಮರೆತು ಕೂತಿದ್ದ, ಅದು ಕರಗಿ ತಳಕ್ಕಿಳಿಯಿತು. ಮರುದಿನದಿಂದ ಅವನೂ ತಡವರಿಸತೊಡಗಿದ, ಒಂದಲ್ಲ ಎರಡಲ್ಲ, ಪುಟಕ್ಕೆ ನಾಲ್ಕು, ನನ್ನ ಹೆಸರನ್ನೇ ಮರೆತು ಮಿಸೆಸ್ ಶ್ರಿಂಪ್ ಅಂದ, ಎಲ್ಲರ ಕಣ್ಣೂ ನನ್ನಿಂದ ಎದ್ದು ಅವನ ಮೇಲೆ ಕೂತವು, ದೇವರೇ, ನನಗೆ ಎಷ್ಟು ಹಗುರವಾಯಿತು, ನಾಚಿಕೆಯಾಗುವಷ್ಟು ಹಗುರ, ತಮಾಷೆಯನ್ನೂ ಮಾಡಿದೆ, ಏನಪ್ಪಾ ಲಯನೆಲ್, ತಲೆ ಮನೇಲೇ ಬಿಟ್ಟು ಬಂದ್ಯಾ, ಅವನು ಬೋಳುತಲೆ ಸವರಿಕೊಂಡು, ಹೌದು ಕಣೇ, ಟೋಪಿ ತರೋ ಗಡಿಬಿಡೀಲಿ ಅದನ್ನೇ ಮರೆತೆ, ಎಂದ. ಗುರುವಾರ ಫಿಲಿಪ್ಪಾ ನನ್ನನ್ನು ಪಕ್ಕಕ್ಕೆ ಕರೆದು, ಲಯನೆಲ್ ಕೈಲಿ ಇನ್ನು ಆಗುತ್ತಾ ಮೇಡಂ, ಮುಂದಿನ ಸರಣಿಗೆ ಅವರನ್ನ ಇಟ್ಕೊಳ್ಳೋದೋ ಬೇಡ್ವೋ ಗೊತ್ತಾಗ್ತಿಲ್ಲ, ಅಂದಳು, ನಾನು — ಇದನ್ನು ನೆನೆಯಬಾರದು, ಈಗ ಬೇಡ — ನಾನು, ಪಾಪ, ಅವನಿಗೆ ಇನ್ನು ವಿಶ್ರಾಂತಿನೇ ಒಳ್ಳೇದೇನೋ ಅಂದೆ. ಅಂದದ್ದು ನಾನೇ, ಮಿಸೆಸ್ ಕ್ರಿಂಪ್ ಅಲ್ಲ.

ಜೋಕಿನವನು ಮುಗಿಸಿದ, ಚಪ್ಪಾಳೆ, ಫಿಲಿಪ್ಪಾ ಮೇಲಿನ ಗಾಜಿನ ಕೋಣೆಯಲ್ಲಿ, ಕ್ಯಾಮೆರಾದ ಪಕ್ಕ ಲಯನೆಲ್‌ಗಾಗಿ ಬೋರ್ಡು ನಿಲ್ಲಿಸಿದ್ದಾರೆ, ಮಾತುಗಳನ್ನೆಲ್ಲ ಬರೆದ ದೊಡ್ಡ ಬಿಳಿ ರಟ್ಟು, ಬೇರೆಯೋರ ಅಕ್ಷರ ನಂಗೆ ಓದಕ್ಕಾಗಲ್ಲ, ನಾನೇ ಬರ್ಕೋತೀನಿ ಅಂತ ಹಟ ಹಿಡಿದು ಬರೆದದ್ದು, ಪರೀಕ್ಷೆಯ ಚೀಟಿಯಂತೆ ಬಟ್ಟೆ ಮುಚ್ಚಿ ಇಟ್ಟುಕೊಂಡದ್ದು, ಅದನ್ನೂ ತಪ್ಪು ಜಾಗದಲ್ಲಿ ಇಡಿಸಿದ್ದಾನೆ, ಸರ್, ಇದು ನಿಮ್ಮ ಬೆನ್ನ ಹಿಂದೆ ಬರುತ್ತಲ್ಲ ಅಂದರೆ, ಇರ್ಲಿ ಬಿಡಯ್ಯ, ನನ್ನ ಕುತ್ತಿಗೆ ಆ ಕಡೆಗೇ ಚೆನ್ನಾಗಿ ತಿರುಗೋದು ಅಂದನಂತೆ, ಪಾಪ — ಈಗ ಬಟ್ಟೆ ತೆಗೆದರು, ದೀಪ ಬಂತು, ಕೆಂಪು ದೀಪವೂ ಬಂತು, ಶುರು. ಮೊದಲ ಪುಟ ಸಲೀಸು, ಎರಡನೆಯದೂ, ಶೆರಿಯ ಮಾತಿಗೆ ಕತ್ತಲು ನಕ್ಕಿತು, ಲಯನೆಲ್ ಎಷ್ಟು ಸರಾಗವಾಗಿ ಹೇಳುತ್ತಿದ್ದಾನೆ, ಒಮ್ಮೆಯೂ ಕುತ್ತಿಗೆ ತಿರುಗಿಸಿಲ್ಲ, ಮಿಸ್ಟರ್ ಟಾಡ್ ನನ್ನತ್ತ ಬಾಗಿ ಮೆಲ್ಲಗೆ ಕೇಳುತ್ತಾನೆ, ಮಿಸೆಸ್ ಕ್ರಿಂಪ್, ನಾನು ಹೋದ ದಿನ ಮಣ್ಣಿಗೆ ಬರ್ತೀರಾ — ಮತ್ತೆ ಬೀರು ಇಲ್ಲ. ಗೋಡೆ. ಮುನ್ನೂರು ಜನ ಉಸಿರು ಹಿಡಿದಿದ್ದಾರೆ, ನಾನು ಬೇಕೆಂದೇ ತಡೆಯುತ್ತಿದ್ದೇನೆ ಅಂದುಕೊಂಡು, ಒಂದು, ಎರಡು, ಲಯನೆಲ್‌ನ ಕಣ್ಣು ನನ್ನನ್ನು ಬಿಟ್ಟು ನಿಧಾನ ತನ್ನದೇ ಭುಜದ ಮೇಲಿಂದ ಹಿಂದಕ್ಕೆ ಹೋಯಿತು, ನನ್ನ ಕಣ್ಣೂ ಅದರ ಹಿಂದೆ ಹೋಯಿತು, ಬೋರ್ಡು, ನೇರ ನನ್ನೆದುರಿಗೆ, ಕನ್ನಡಕವಿಲ್ಲದೆ ಓದಬಹುದಾದ ಅಂಗೈ ಅಗಲದ ಅಕ್ಷರ, ಹ್ಯಾಮ್ ಸ್ಯಾಂಡ್‌ವಿಚ್ ಇದ್ರೆ ಬರ್ತೀನಿ, ಬರೀ ಸೌತೆಕಾಯಿದಾದ್ರೆ ಅಂಚೇಲಿ ಹೂ ಕಳಿಸ್ತೀನಿ, ಅಂದೆ, ನನ್ನ ಬಾಯೇ ಅಂದಿತು, ಛಾವಣಿ ಹಾರುವ ಹಾಗೆ ನಕ್ಕರು, ನಗು ಇಳಿಯುವಷ್ಟು ಹೊತ್ತು ಸಿಕ್ಕಿತಲ್ಲ, ಆಗ ಓದಿದೆ, ಮೇಲಿನಿಂದ ಕೆಳಗಿನವರೆಗೆ, ಶೆರಿಯ ಮಾತು ನನ್ನದು, ಸ್ಯಾಂಡ್‌ವಿಚ್ಚಿನದು ನನ್ನದು, ಅದರ ಕೆಳಗಿನದೂ, ಅದರ ಕೆಳಗಿನದೂ — ಟಾಡ್‌ನ ಮಾತು ಎಲ್ಲಿ? ಒಂದೂ ಇಲ್ಲ. ಅವನದು ಅಂತ ಒಂದು ಸಾಲೂ ಇಲ್ಲ. ನನ್ನ ಸಾಲುಗಳ ನಡುವೆ ಒಂದು ಕಡೆ ಅಕ್ಷರ ತಪ್ಪಿ ಒರೆಸಿದ್ದಾನೆ, ಮಸಿಯಲ್ಲಿ ಹೆಬ್ಬೆರಳು ಮೂಡಿದೆ, ಕಪ್ಪಗೆ, ಗೆರೆಗೆರೆಯಾಗಿ.

ಉಳಿದ ಪುಟ ಹೇಗೆ ಮುಗಿಯಿತೋ, ಮುಗಿಯಿತು, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ, ತಲೆಬಾಗಿದೆವು, ಬಾಗಿದಾಗ ಅವನ ಕಿವಿಯ ಹತ್ತಿರ, ಯಾಕೋ ಲಯನೆಲ್, ಅಂದೆ, ಅವನು ಜನರತ್ತ ನಗುತ್ತಲೇ, ಎಡಿತ್‌ಗೆ ನಾಲ್ಕು ವರ್ಷ ಬರೆದಿಟ್ಟೆನಲ್ಲ ಕಣೇ, ಡಬ್ಬಿ ಮೇಲೆ ಟೀ ಅಂತ, ಬಾಗಿಲ ಮೇಲೆ ಹೊರಗೆ ಚಳಿ ಕೋಟು ಹಾಕ್ಕೋ ಅಂತ, ಅವಳು ಹೋದ್ಮೇಲೆ ಬರೆಯಕ್ಕೆ ಯಾರೂ ಇರ್ಲಿಲ್ಲ, ಅಂದ — ಎಡಿತ್, ಅವನ ಹೆಂಡತಿ, ಕೊನೆಗೆ ಅವನನ್ನೇ ಗುರುತಿಸದೆ ಹೋದವಳು, ನನಗಿಂತ ಮುಂಚೆ ನನ್ನ ಮರೆವು ಇವನಿಗೆ ಗೊತ್ತಾಗಿತ್ತು. ಕಬ್ಬಿಣದ ಮೆಟ್ಟಿಲ ಮೇಲೆ ಫಿಲಿಪ್ಪಾಳ ಬೂಟಿನ ಸದ್ದು, ಓಡಿ ಬರುತ್ತಿದ್ದಾಳೆ, ಆಹಾ ಮೇಡಂ, ಆ ಮಾತಿಗೆ ಮುಂಚೆ ಕೊಟ್ಟ ಗ್ಯಾಪ್ ಎಂಥಾ ಗ್ಯಾಪ್, ಲಯನೆಲ್‌ಗೂ ಬೋರ್ಡು ಉಪಯೋಗಕ್ಕೆ ಬಂತಲ್ಲ ಸದ್ಯ, ಅಂದಳು, ಲಯನೆಲ್ ನನ್ನ ಮೊಣಕೈ ಒತ್ತಿದ, ಸುಮ್ಮನಿರು ಅನ್ನುವ ಹಾಗೆ, ಸುಮ್ಮನಿದ್ದರೆ ಮುಂದಿನ ವರ್ಷವೂ ಈ ಕುರ್ಚಿ ನನ್ನದು, ಬಸ್ಸಿನ ಹೆಂಗಸು ನನ್ನವಳು, ಈ ಕಾವು ನನ್ನದು — ಬೋರ್ಡು ನಂದು ಕಣಮ್ಮ, ಅಂದೆ, ಹೋಗಿ ಓದಿ ನೋಡು, ಮರೀತಿರೋಳು ನಾನು, ಇವನು ನಾಟಕ ಆಡ್ದ, ಗುರುವಾರ ನಾನು ಇವನ ಬಗ್ಗೆ ಅಂದದ್ದು ಸುಳ್ಳು. ಅವಳು ಹೋಗಿ ಓದಿದಳು, ಬೆನ್ನು ಮಾತ್ರ ಕಾಣುತ್ತಿತ್ತು, ಬಹಳ ಹೊತ್ತು ಓದಿದಳು, ಇರುವುದು ಒಂಬತ್ತೇ ಸಾಲು, ತಿರುಗಿದಾಗ ಮೂಗು ಕೆಂಪಾಗಿತ್ತು, ಇದೇನಿದು ಕಾಗೆ ಕಾಲು ಗುಬ್ಬಿ ಕಾಲು, ಮುಂದಿನ ಸರಣಿಗೆ ಇವರಿಗೆ ನೀಟಾಗಿ ಬರೆಸಿ ಕೊಡ್ತೀನಿ, ಅಂದಳು, ಯಾರಿಗೆ ಅಂತ ಲಯನೆಲ್ ಕೇಳಿದ, ಇಬ್ಬರಿಗೂ ರೀ, ಇಬ್ಬರಿಗೂ, ಬಾಯ್ಮುಚ್ಕೊಂಡು ಹೋಗಿ ಟೀ ಕುಡೀರಿ, ಎಂದು ಮೂಗೊರೆಸಿಕೊಳ್ಳುತ್ತ ಹೋದಳು. ದೀಪ ಒಂದೊಂದೇ ಆರಿಸುತ್ತಿದ್ದಾರೆ, ಬನ್ನಿ ಮೇಡಂ ಅನ್ನುತ್ತಿದ್ದಾರೆ, ಬರುತ್ತೇನೆ, ಥ್ಯಾಂಕ್ಸ್ ಅನ್ನಬೇಕು ಅವನಿಗೆ, ಗುರುವಾರದ್ದಕ್ಕೆ ಕ್ಷಮಿಸು ಅನ್ನಬೇಕು, ಯಾವುದು ಮೊದಲು, ಮಾತು ಇದೆ, ಇವತ್ತು ಮಾತೆಲ್ಲ ಇದ್ದ ಜಾಗದಲ್ಲೇ ಇದೆ, ಆದರೂ ಬೋರ್ಡಿನ ಹತ್ತಿರ ನಿಂತುಬಿಟ್ಟಿದ್ದೇನೆ, ಒರೆಸಿದ ಅಕ್ಷರದ ಪಕ್ಕದಲ್ಲಿ ಹೆಬ್ಬೆರಳು, ಗೆರೆಗೆರೆಯಾಗಿ, ಕಪ್ಪಗೆ, ನನ್ನ ಮಾತಿನ ಪಕ್ಕದಲ್ಲಿ ಅವನ ಹೆಬ್ಬೆರಳು, ಅವನ ಹೆಬ್ಬೆರಳು —