ಗೂಟ ಬಿತ್ತು

"ಗೂಟ ಬಿತ್ತು!" ಎಂದು ಮಾಸ್ತಪ್ಪ ಕೂಗಿದಾಗ ಗೂಟ ಬಿದ್ದಿರಲಿಲ್ಲ. ಅದು ಗೋಡೌನಿನ ಇನ್ನೊಂದು ತುದಿಯ ಮಣೆಯ ಮೇಲೆ, ತಕ್ಕಡಿ, ಕತ್ತರಿ, ಸ್ಪ್ಯಾನರುಗಳ ನಡುವೆ, ಕುಂಕುಮ ಹಚ್ಚಿಸಿಕೊಂಡು ಮೈಮೇಲೊಂದು ಚೆಂಡುಹೂ ಇಟ್ಟುಕೊಂಡು ಹಾಯಾಗಿ ಮಲಗಿತ್ತು. ಅವತ್ತು ಆಯುಧಪೂಜೆ.

"ಹ್ಞೂಂ" ಎಂದಳು ಹಾಲಮ್ಮ. ಏಳು ವರ್ಷದಿಂದ ಅವರಿಬ್ಬರ ನಡುವೆ ಇದ್ದ ಕಟ್ಟಳೆ ಇಷ್ಟೇ. ಅವನು ಕೂಗಬೇಕು, ಇವಳು ಹ್ಞೂಂ ಅನ್ನಬೇಕು, ಆಮೇಲಷ್ಟೇ ಚಿಂದಿ ಅಮುಕುವ ಪ್ರೆಸ್ಸಿನೊಳಗೆ ಕೈ. ಅವಳು ತಂತಿಯ ತುದಿ ಹಿಡಿದು ಒತ್ತುಹಲಗೆಯ ಮೇಲಿನ ತೋಡಿನೊಳಗೆ ಬೆರಳು ತೂರಿಸಿದಳು. ಟಕ್ ಎಂದು ಒಂದು ಸದ್ದಾಯಿತು. ಚಕ್ರದ ಹಲ್ಲಿಗೆ ಕಚ್ಚಿಕೊಂಡಿದ್ದ ಕೊಕ್ಕೆ ಜಾರಿತ್ತು. ಒಳಗೆ ಅಮುಕಿಟ್ಟಿದ್ದ ಹರಕು ಗೋಣಿಗಳು ಹಲಗೆಯನ್ನು ಒಂದೇ ನೆಗೆತಕ್ಕೆ ಮೇಲಕ್ಕೆ ಒಗೆದವು. ಹಾಲಮ್ಮನ ಬಲಗೈಯ ಎರಡು ಬೆರಳು ಹಲಗೆಗೂ ಮೇಲಿನ ಅಡ್ಡಪಟ್ಟಿಗೂ ನಡುವೆ ಸಿಕ್ಕಿಕೊಂಡವು.

ಸಾಗರದ ರೈಲ್ವೆ ಸ್ಟೇಷನ್ನಿನ ಹಿಂದೆ ಸುಬ್ಬರಾಯರ ರದ್ದಿ ಗೋಡೌನು. ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದಾಗ ಸಿಮೆಂಟಿನ ಹರಕು ಚೀಲಗಳು ರಾಶಿ ರಾಶಿ ಬರುತ್ತಿದ್ದವು. ಕೆಲಸ ಮುಗಿದ ಮೇಲೂ ಹಳೇ ಗೋಣಿ, ಚಿಂದಿ, ರದ್ದಿ ಕಾಗದಕ್ಕೆ ಕಡಿಮೆಯಿರಲಿಲ್ಲ. ಅದನ್ನೆಲ್ಲ ಪ್ರೆಸ್ಸಿಗೆ ತುಂಬಿ, ಅಮುಕಿ, ತಂತಿ ಬಿಗಿದು ಬೇಲು ಮಾಡಿ ಕಾಗದದ ಕಾರ್ಖಾನೆಗೆ ರೈಲಿಗೆ ಹಾಕುತ್ತಿದ್ದರು. ಪ್ರೆಸ್ಸು ಹುಬ್ಬಳ್ಳಿಯ ಯಾವುದೋ ಹತ್ತಿ ಗೋಡೌನಿನಿಂದ ಸೆಕೆಂಡ್ ಹ್ಯಾಂಡಾಗಿ ಬಂದದ್ದು. ಮುಂದೊಬ್ಬ ಹಿಂದೊಬ್ಬ ನಿಂತು ಹಿಡಿ ತಿರುಗಿಸಿದರೆ ಹಲಗೆ ಕೆಳಗಿಳಿಯುತ್ತದೆ. ಇಳಿದಷ್ಟನ್ನು ಕೊಕ್ಕೆ ಹಿಡಿದಿಡುತ್ತದೆ. ಆದರೆ ಅಮುಕಿಸಿಕೊಂಡ ಚಿಂದಿ ಸತ್ತಿರುವುದಿಲ್ಲ, ಏಳಲು ಹವಣಿಸುತ್ತಲೇ ಇರುತ್ತದೆ. ಅದಕ್ಕೇ ಮಾಸ್ತಪ್ಪ ಬಂದ ಹೊಸದರಲ್ಲೇ ಮತ್ತಿ ಮರದ ತೋಳುಗಾತ್ರದ ಗೂಟವೊಂದನ್ನು ತಾನೇ ಕೆತ್ತಿ, ಹಲಗೆಯ ಮೇಲೆ ಚೌಕಟ್ಟಿನ ತೂತಿಗೆ ಅಡ್ಡ ಹೊಡೆಯುವ ಪದ್ಧತಿ ಮಾಡಿದ್ದ. "ಮಶೀನು ಒಳ್ಳೇದೇ. ಹಂಗಂತ ಅದನ್ನ ನಂಬ್ಕಂಡು ಕೈ ಹಾಕ್ಬಾರ್ದು" ಎಂದು ಹೊಸಬರಿಗೆಲ್ಲ ಹೇಳುತ್ತಿದ್ದ. ಪ್ರತಿ ಶನಿವಾರ ಚಕ್ರ ಒರೆಸಿ, ಎಣ್ಣೆ ಬಿಟ್ಟು, ಕೊಕ್ಕೆಯ ಮೂತಿ ಸವರಿ ನೋಡುತ್ತಿದ್ದ. ಒಂದು ತಿಂಗಳಿಂದ ಆ ಮೂತಿ ಸವೆದದ್ದು ಅವನ ಬೆರಳಿಗೆ ಗೊತ್ತಾಗಿತ್ತು. ಹಬ್ಬ ಕಳೆಯಲಿ, ಕಮ್ಮಾರನ ಹತ್ತಿರ ಒಯ್ದರಾಯಿತು ಅಂದುಕೊಂಡಿದ್ದ.

ಬೆಳಿಗ್ಗೆ ಪೂಜೆ ಮುಗಿದು ಎಲ್ಲರೂ ಮಂಡಕ್ಕಿ ತಿನ್ನುತ್ತಿದ್ದಾಗ ಸುಬ್ಬರಾಯರು ಸ್ಟೇಷನ್ನಿನಿಂದ ಓಡಿಬಂದಿದ್ದರು.

"ವ್ಯಾಗನ್ ಸಿಕ್ತು ಮಾಸ್ತಪ್ಪ! ಎರಡೇ ಎರಡು ಬೇಲು ಬಾಕಿ. ಇವತ್ತು ತಪ್ಪಿದ್ರೆ ಇನ್ನು ಹದಿನೈದು ದಿನ ಇಲ್ಲ."

"ಪೂಜೆ ಆಗಿದೆಯಲ್ಲ ರಾಯ್ರೇ. ನಾಳೆ ಮಂಗಳಾರತಿ ಆಗೋವರೆಗೆ ಮುಟ್ಟೋ ಹಂಗಿಲ್ಲ."

"ಒಂದು ನಮಸ್ಕಾರ ಹೊಡ್ದು ಶುರು ಮಾಡು ಮಾರಾಯಾ. ದೇವ್ರಿಗೆ ಅಷ್ಟೂ ಗೊತ್ತಾಗಲ್ವಾ?"

ಮಶೀನಿಗೆ ಹೀಗೆ ರಾಯರಿಂದಲೇ ಅಪ್ಪಣೆ ಸಿಕ್ಕಿತು. ಗೂಟದ ಮಾತು ಯಾರೂ ಎತ್ತಲಿಲ್ಲ. ಮಾಸ್ತಪ್ಪ ಮಣೆಯ ಹತ್ತಿರ ಹೋಗಿ ಬಗ್ಗಿದ. ಗೂಟದ ಮೇಲಿನ ಹೂವು ನೋಡಿ ಕೈ ಹಿಂದಕ್ಕೆ ತೆಗೆದ. ಪೂಜೆಗಿಟ್ಟದ್ದನ್ನು ತನ್ನ ಕೈಯಾರೆ ಎತ್ತಲು ಮನಸ್ಸು ಒಪ್ಪಲಿಲ್ಲ. ಅದೇ ಕುಂಕುಮ ಬಳಿದಿದ್ದ ಮಶೀನನ್ನು ತಿರುಗಿಸಲು ಮಾತ್ರ ಆ ಮನಸ್ಸು ತಕರಾರು ಮಾಡಲಿಲ್ಲ. ಮನುಷ್ಯನ ಭಕ್ತಿಗೂ ಅದರದೇ ಅನುಕೂಲಗಳಿರುತ್ತವೆ. ಎರಡು ಬೇಲಿಗೆ ಕೊಕ್ಕೆಯೊಂದೇ ಸಾಕು ಅಂದುಕೊಂಡ. ಆದರೆ ಗೂಟವಿಲ್ಲ ಎಂದರೆ ಹಾಲಮ್ಮ ಕೈ ಹಾಕುವವಳಲ್ಲ, ಕೂಗು ಕೇಳಿದ ಮೇಲೆ ತೂತಿನ ಕಡೆ ನೋಡುವವಳೂ ಅಲ್ಲ. ಅದಕ್ಕೇ ಕೂಗಿದ. ಮೊದಲ ಬೇಲು ಸುಸೂತ್ರವಾಗಿ ಆಯಿತು. ಎರಡನೆಯದಕ್ಕೂ ಕೂಗಿದ.

ಹಿಂಬದಿಯ ಹಿಡಿ ಹಿಡಿದಿದ್ದ ಜಯಪ್ಪನಿಗೆ ಮುಂದಿನದೇನೂ ಕಾಣುತ್ತಿರಲಿಲ್ಲ. ಚೀತ್ಕಾರ ಕೇಳಿ ಬಂದವನು ಹಾಲಮ್ಮನ ಕೈ ಬಿಡಿಸಿ, ಟವೆಲು ಸುತ್ತಿ, ಜಟಕಾ ತರಲು ಓಡಿದ. ಹಾಲಮ್ಮ ಕಂಬಕ್ಕೆ ಒರಗಿ ಕೂತಳು. ಅವಳು ಕೂತಲ್ಲಿಂದ ಮಣೆ ನೇರ ಎದುರಿಗಿತ್ತು. ಅವಳ ದೃಷ್ಟಿ ಮಣೆಯ ಮೇಲೆ ನಿಂತಿತು. ಹೂವು ಹೊತ್ತ ಗೂಟದ ಮೇಲೆ ನಿಂತಿತು. ಆಮೇಲೆ ನಿಧಾನವಾಗಿ ಮಾಸ್ತಪ್ಪನ ಕಡೆ ತಿರುಗಿತು.

"ಏನಾಯ್ತಾ? ಗೂಟ ಹಾಕಿರ್ಲಿಲ್ವಾ?" ಸುಬ್ಬರಾಯರು ಗಾಬರಿಯಲ್ಲಿ ಪ್ರೆಸ್ಸಿನ ಸುತ್ತ ತಿರುಗುತ್ತ ಕೇಳಿದರು.

ಹೇಳಬೇಕು, ಈಗಲೇ ಹೇಳಬೇಕು ಎಂದು ಮಾಸ್ತಪ್ಪನಿಗೆ ಅನ್ನಿಸಿತು. ಆದರೆ ಅವನು ಕೊಕ್ಕೆಯನ್ನು ನೋಡುತ್ತ ನಿಂತ. ಅದರಲ್ಲಿ ನೋಡುವಂಥದ್ದೇನೂ ಉಳಿದಿರಲಿಲ್ಲ.

"ನಾನೇ ಅವಸರ ಮಾಡ್ದೆ ರಾಯ್ರೇ" ಎಂದಳು ಹಾಲಮ್ಮ. "ಗೂಟ ಬೀಳೋಕೆ ಮೊದ್ಲೇ ಕೈ ಹಾಕ್ದೆ."

ಜಟಕಾ ಬಂತು. ಹಾಲಮ್ಮನನ್ನು ಕರೆದುಕೊಂಡು ರಾಯರೂ ಜಯಪ್ಪನೂ ಆಸ್ಪತ್ರೆಗೆ ಹೋದ ಮೇಲೆ ಮಾಸ್ತಪ್ಪ ಮಣೆಯ ಹತ್ತಿರ ಹೋದ. ಬೆಳಿಗ್ಗೆ ಮುಟ್ಟಲು ಮನಸ್ಸು ಬಾರದಿದ್ದ ಗೂಟವನ್ನು ಈಗ ಎತ್ತಲು ಯಾವ ಅಡ್ಡಿಯೂ ಕಾಣಲಿಲ್ಲ. ಹೂವು ಕಿತ್ತು ಸೊಂಟದಲ್ಲಿ ಸಿಕ್ಕಿಸಿಕೊಂಡ. ಕುಂಕುಮವನ್ನು ಪಂಚೆಯಂಚಿನಿಂದ ಉಜ್ಜಿ ಒರೆಸಿದ. ಗೂಟವನ್ನು ತಂದು ಪ್ರೆಸ್ಸಿನ ಪಕ್ಕ ಒರಗಿಸಿಟ್ಟ. ತನ್ನ ಕೈ ಇಷ್ಟು ಚುರುಕಾಗಿ ಓಡಿದ್ದು ನೋಡಿ ಅವನಿಗೇ ಹೇಸಿಗೆಯಾಯಿತು.

ಹಾಲಮ್ಮನ ಎರಡೂ ಬೆರಳನ್ನು ಡಾಕ್ಟರು ತೆಗೆದರು. ಅವಳ ಜಾಗಕ್ಕೆ ವೆಂಕಮ್ಮ ಬಂದಳು. ಮಾಸ್ತಪ್ಪ ಮರುದಿನವೇ ಕಮ್ಮಾರನಲ್ಲಿಗೆ ಹೋಗಿ ಕೊಕ್ಕೆಗೆ ಹೊಸ ಮೂತಿ ಮಾಡಿಸಿದ್ದ. ಅದಕ್ಕೂ ಅವನನ್ನೇ ಹೊಗಳಿದರು. "ನೋಡು ವೆಂಕಮ್ಮ, ಮಾಸ್ತಪ್ಪ ಕೂಗೋವರೆಗೆ ಕೈ ಹಾಕ್ಬೇಡ. ಹಾಲಮ್ಮನ ಹಂಗೆ ಮಾಡ್ಕೋಬೇಡ" ಎಂದು ಸುಬ್ಬರಾಯರು ದಿನಾ ಹೇಳುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಮಾಸ್ತಪ್ಪನಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಗೂಟ ಹೊಡೆದು, ಎರಡೆರಡು ಸಲ ಅಲ್ಲಾಡಿಸಿ ನೋಡಿ, ಮೆಲ್ಲಗೆ ಕೂಗುತ್ತಿದ್ದ. "ಎಂತ ಮಾಸ್ತಣ್ಣ, ಗಂಟ್ಲು ಕಟ್ಟಿದ್ಯಾ?" ಎಂದು ಜಯಪ್ಪ ಗೇಲಿ ಮಾಡುತ್ತಿದ್ದ.

ಮೂರನೇ ಭಾನುವಾರ ಮಾಸ್ತಪ್ಪ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಹಾಲಮ್ಮನ ಮನೆಗೆ ಹೋದ. ಅವಳು ಜಗಲಿಯಲ್ಲಿ ಕೂತು, ಪಟ್ಟಿ ಕಟ್ಟಿದ ಕೈಯಲ್ಲೇ ಒಂದು ತುಂಡು ತಂತಿಗೆ ಗಂಟು ಹಾಕಲು ನೋಡುತ್ತಿದ್ದಳು. ತಂತಿ ಜಾರುತ್ತಿತ್ತು. ಅವನನ್ನು ಕಂಡು ಅದನ್ನು ಸೆರಗಿನಡಿ ಸರಿಸಿದಳು.

"ಬಾ ಮಾಸ್ತಣ್ಣ. ಕೂತ್ಕೋ."

ಅವನು ಕೂರಲಿಲ್ಲ. "ಯಾಕೆ ಹಂಗೆ ಹೇಳ್ದೆ ಹಾಲಮ್ಮ? ನೀನು ಗೂಟ ನೋಡಿದ್ಯಲ್ಲ."

"ನೋಡ್ದೆ."

"ಮತ್ತೆ?"

"ನೀ ಹೇಳ್ತೀಯೇನೋ ಅಂತ ಕಾದೆ. ರಾಯ್ರು ಕೇಳ್ತಾ ಇದ್ರು. ನೀ ಬಾಯಿ ಬಿಡ್ಲಿಲ್ಲ. ನಂಗೆ ಕೈ ಉರೀತಿತ್ತು. ಎಷ್ಟು ಹೊತ್ತು ಅಂತ ಕಾಯ್ಲಿ? ಯಾರಾದ್ರೂ ಒಬ್ರು ಏನಾದ್ರೂ ಹೇಳ್ಬೇಕಿತ್ತಲ್ಲ."

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ, ಹಣ್ಣನ್ನು ಅಂಗಳಕ್ಕೆ ಎಸೆದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಹಣ್ಣನ್ನು ಎಡಗೈಯಲ್ಲಿ ತೆಗೆದುಕೊಂಡು ಪಕ್ಕಕ್ಕಿಟ್ಟಳು.

"ರಾಯ್ರು ಹೇಳಿ ಕಳ್ಸಿದ್ರು" ಎಂದಳು. "ಇನ್ನು ಪ್ರೆಸ್ಸಿನ ಹತ್ರ ಬರೋದು ಬೇಡ, ಹೊರಗೆ ಚಿಂದಿ ಆರ್ಸು, ನಿಂಗೆ ಅವಸರ ಜಾಸ್ತಿ ಅಂತ. ಚಿಂದಿ ಆರ್ಸೋದು ಯಾರಿಗಾದ್ರೂ ಬರತ್ತೆ ಮಾಸ್ತಣ್ಣ. ಬೇಲು ಕಟ್ಟೋದು ನಂಗೆ ಬರ್ತಿತ್ತು."

ಸೋಮವಾರ ಬೆಳಿಗ್ಗೆ ಹಾಲಮ್ಮ ಬಂದು ಹೊರಗಿನ ಚಿಂದಿ ರಾಶಿಯ ಮುಂದೆ ಕೂತಿದ್ದಳು. ಮಾಸ್ತಪ್ಪ ಗೂಟ ಹಿಡಿದುಕೊಂಡು ಸುಬ್ಬರಾಯರ ಮುಂದೆ ನಿಂತ. ಜಯಪ್ಪ, ವೆಂಕಮ್ಮ ಅಲ್ಲೇ ಇದ್ದರು. ಎಲ್ಲರೂ ಇರುವಾಗಲೇ ಹೇಳಬೇಕೆಂದು ರಾತ್ರಿಯೇ ನಿಶ್ಚಯಿಸಿದ್ದ.

"ರಾಯ್ರೇ, ಹಾಲಮ್ಮ ಅವಸರ ಮಾಡ್ಲಿಲ್ಲ. ನಾನು ಕೂಗಿದ್ ಮೇಲೇ ಕೈ ಹಾಕಿದ್ಲು. ನಾನು ಗೂಟ ಹಾಕಿರ್ಲಿಲ್ಲ. ಇದು ಪೂಜೆ ಮಣೆ ಮೇಲಿತ್ತು. ಹಾಕ್ದೇನೇ ಬಿತ್ತು ಅಂತ ಕೂಗ್ದೆ."

ಗೂಟದ ಸೀಳೊಂದರಲ್ಲಿ ಒರೆಸಿದರೂ ಹೋಗದ ಕುಂಕುಮವಿತ್ತು. ಸುಬ್ಬರಾಯರು ಅದನ್ನು ನೋಡಿದರು. ಕನ್ನಡಕ ತೆಗೆದು ಒರೆಸಿದರು. ಅವತ್ತು ಸ್ಟೇಷನ್ನಿನಿಂದ ಓಡಿಬಂದದ್ದು ಅವರಿಗೂ ನೆನಪಾಗಿರಬೇಕು.

"ಇಷ್ಟು ದಿನ ಬಿಟ್ಟು ಈಗ್ಯಾಕೆ ಹೇಳ್ತೀಯಾ?"

"ಅವತ್ತೇ ಹೇಳ್ಬೇಕಿತ್ತು. ಹೆದರ್ಕಂಡೆ. ಅವಳ ಜಾಗ ಅವಳಿಗೆ ಕೊಡಿ. ನನ್ನ ಬಿಡಿಸಿದ್ರೂ ಅಡ್ಡಿಲ್ಲ."

ಜಯಪ್ಪ ಮುಖ ಬೇರೆ ಕಡೆ ತಿರುಗಿಸಿದ. ಅವತ್ತಿನ ಕೂಗು ಅವನ ಕಿವಿಗೂ ಬಿದ್ದಿತ್ತು. ಸುಬ್ಬರಾಯರು "ನಿನ್ನ ಬಿಡ್ಸಿ ಮಶೀನು ಯಾರು ನೋಡ್ಕೋತಾರೆ?" ಎಂದು ಗೊಣಗಿದರು. ಆಮೇಲೆ ಬಾಗಿಲಿಗೆ ಹೋಗಿ, "ಹಾಲಮ್ಮ, ಒಳಗೆ ಬಾ. ಕೈಲಾದ್ರೆ ನೀನೇ ಕಟ್ಟು" ಎಂದು ಕರೆದರು.

ಗೋಣಿ ತುಂಬಿದರು. ಹಲಗೆ ಇಳಿಯಿತು. ಮಾಸ್ತಪ್ಪ ಗೂಟವನ್ನು ತೂತಿಗೆ ಕೊಟ್ಟು ಸುತ್ತಿಗೆಯಿಂದ ಮೂರು ಪೆಟ್ಟು ಹೊಡೆದ. ಬಹಳ ದಿನಗಳ ಮೇಲೆ ಗಂಟಲು ಬಿಟ್ಟು ಕೂಗಿದ.

"ಗೂಟ ಬಿತ್ತು!"

ಹಾಲಮ್ಮ ಹ್ಞೂಂ ಅನ್ನಲಿಲ್ಲ. ತಂತಿಯನ್ನು ಬಾಯಲ್ಲಿ ಕಚ್ಚಿಕೊಂಡು ಮುಂದೆ ಬಂದಳು. ಎಡಗೈ ಚಾಚಿ ಗೂಟವನ್ನು ಹಿಡಿದಳು. ಒಮ್ಮೆ ಜಗ್ಗಿದಳು. ಇನ್ನೊಮ್ಮೆ ಜಗ್ಗಿದಳು. ಆಮೇಲೆ ಉಳಿದ ಬೆರಳುಗಳಲ್ಲಿ ತಂತಿ ಹಿಡಿದು ಒಳಗೆ ಕೈ ಹಾಕಿದಳು.

ಎರಡನೇ ಬೇಲಿಗೆ ಮಾಸ್ತಪ್ಪ ಕೂಗಲಿಲ್ಲ. ಗೂಟ ಹೊಡೆದು, ಸುತ್ತಿಗೆ ಕೆಳಗಿಟ್ಟು, ಅವಳು ಬಂದು ಜಗ್ಗಿ ನೋಡುವವರೆಗೆ ಪಕ್ಕಕ್ಕೆ ಸರಿದು ನಿಂತ.