ಸಾಬೀತಾದ ಹಾಸಿಗೆ

"ಆ ಸದ್ದು ನಿಲ್ಲಿಸಮ್ಮ. ರೆಕಾರ್ಡಿಂಗಿನಲ್ಲಿ ನಿನ್ನ ಮಾತಿಗಿಂತ ಅದೇ ಜೋರಾಗಿ ಕೇಳ್ತಿದೆ," ಎಂದರು ಪ್ರೊಫೆಸರು.

ಸದ್ದು ನನ್ನ ಮಗಳ ಮೈಕೆಳಗಿನ ಗಾಳಿಹಾಸಿಗೆಯ ಪಂಪಿನದು. ಕುತ್ತಿಗೆಯಿಂದ ಕೆಳಗೆ ಅವಳ ಮೈಯೆಲ್ಲ ಸೋತಿದೆ. ನಾಲಿಗೆಗೆ ಮಾತ್ರ ಯಾವ ರೋಗವೂ ತಟ್ಟಿಲ್ಲ.

"ನಿಲ್ಸಿದ್ರೆ ಹಾಸಿಗೆ ಇಳಿಯುತ್ತೆ ಸಾರ್," ಎಂದೆ. ನನ್ನ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇತ್ತು. ಯಾರದೋ ಮನೆಯ ಅಂಗಿಗಳು ಸಂಜೆಯೊಳಗೆ ಮುಗಿಯಬೇಕಿತ್ತು.

"ಸ್ವಲ್ಪ ಹೊತ್ತಿಗೆ ಏನಾಗಲ್ಲ."

"ನೀವು ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡ್ರೂ ಏನಾಗಲ್ಲ ಸಾರ್," ಎಂದಳು ಮಗಳು.

"ಸುಮ್ನಿರೇ!" ಎಂದು ಗದರಿ, ನಗು ಬಾರದಂತೆ ತುಟಿ ಕಚ್ಚಿಕೊಂಡು, ಪಂಪಿನ ಮೇಲೊಂದು ದಪ್ಪ ಟವೆಲು ಹೊದಿಸಿದೆ. ಪ್ರೊಫೆಸರು ಮುಖ ಹುಳ್ಳಗೆ ಮಾಡಿಕೊಂಡೇ ಮುಂದುವರಿದರು.

ಅವರು ರೋಗಿಗಳನ್ನು ನೋಡುವವರಲ್ಲ. ರೋಗಿಗಳನ್ನು ನೋಡಿಕೊಳ್ಳುವವರನ್ನು ನೋಡುವವರು. ಹಾಸಿಗೆ ಅವರ ಅಧ್ಯಯನದ್ದು. ಇದನ್ನು ಕೊಟ್ಟರೆ ಮನೆಯವರ ಕಷ್ಟ ಇಳಿಯುತ್ತದೆಯೋ ಇಲ್ಲವೋ ನೋಡೋಣವೆಂದು ತಂದು ಹಾಸಿದ್ದರು. ಅದಕ್ಕೆ ಮುಂಚೆ ಮಗಳ ಬೆನ್ನಿನಲ್ಲಿ ಮುಷ್ಟಿ ಇಡುವಷ್ಟು ಹುಣ್ಣಿತ್ತು. ಎಷ್ಟು ಮಗ್ಗುಲು ಬದಲಿಸಿದರೂ ಮಾಯದ ಹುಣ್ಣು ಹಾಸಿಗೆ ಬಂದ ಮೇಲೆ ಮಾಯಿತು. ಈಗ ಅಲ್ಲಿ ಎಳೆಚರ್ಮ ಬಂದಿದೆ. ಮೈ ಒರೆಸುವಾಗ ದಿನಾ ಅದನ್ನೊಮ್ಮೆ ಬೆರಳಿನಿಂದ ಮುಟ್ಟಿ ನೋಡುತ್ತೇನೆ.

"ಈಗ ನಿನ್ನ ಕಷ್ಟ ಎಷ್ಟಿದೆ? ಒಂದರಿಂದ ಹತ್ತರೊಳಗೆ ಹೇಳು."

ಮನೆಗೆ ಬಂದವರೆದುರು ಗೋಳು ತೋಡಿಕೊಂಡು ನಮಗೆ ಅಭ್ಯಾಸವಿಲ್ಲ. ಅದರಲ್ಲೂ ಹಾಸಿಗೆ ಕೊಟ್ಟವರು. "ಪರವಾಗಿಲ್ಲ ಸಾರ್, ನಿಮ್ಮ ದಯೆ. ಒಂದು ಅಂತ್ಲೇ ಬರ್ಕೊಳ್ಳಿ," ಎಂದೆ.

ಪ್ರೊಫೆಸರ ಮುಖ ಊರಗಲವಾಯಿತು. "ಸಾಬೀತಾಯ್ತು ನೋಡು!" ಎಂದವರೇ ರೆಕಾರ್ಡರ್ ಆರಿಸಿ ಬಾಗಿಲ ಕಡೆ ಕೂಗಿದರು: "ಡ್ರೈವರ್, ಬಾರಯ್ಯ. ಹಾಸಿಗೆ ಸುತ್ತು."

ನನ್ನ ಕೈ ಅಂಗಿಯ ಮೇಲೇ ನಿಂತುಬಿಟ್ಟಿತು. ಸುಟ್ಟ ವಾಸನೆ ಬಂದಾಗಲೇ ಪೆಟ್ಟಿಗೆ ಎತ್ತಿದ್ದು.

"ಯಾಕೆ ಸಾರ್? ಉಪಯೋಗ ಆಗಿದೆ ಅಂದ್ನಲ್ಲ?"

"ಅದಕ್ಕೇ! ಉಪಯೋಗ ಆಗುತ್ತೆ ಅಂತ ಗೊತ್ತಾಯ್ತು. ಇನ್ನು ತೆಗೆದ್ರೆ ನಿನ್ನ ಕಷ್ಟ ಎಷ್ಟು ಏರುತ್ತೆ ಅಂತ ನೋಡ್ಬೇಕು. ಅದು ಎರಡನೇ ಹಂತ."

"ಹುಣ್ಣು ಮತ್ತೆ ಆಗುತ್ತೆ ಸಾರ್."

"ಆದ್ರೆ ಹೇಳು, ಬರ್ಕೊಳ್ತೀವಿ. ನಿನ್ನಂಥವರ ಅನುಭವ ನಮಗೆ ಬಹಳ ಮುಖ್ಯ."

"ಥೂ, ನಿನ್ನ ಮುಖಕ್ಕಿಷ್ಟು ಬೆಂಕಿ ಹಾಕ!" ಮಗಳು ಕಿರುಚಿದಳು. "ಮೊದ್ಲು ಕೊಳೀಲಿ, ಆಮೇಲೆ ಅಳೆಯೋಕೆ ಬರ್ತೀನಿ ಅಂತಾನೆ ಬೇವರ್ಸಿ!"

"ರೋಗಿಗಳಿಗೆ ಸಿಟ್ಟು ಸಹಜ," ಎಂದು ಪ್ರೊಫೆಸರು ನನ್ನ ಕಡೆ ನೋಡಿ ನಕ್ಕರು. "ಅವಳನ್ನ ಆ ಚಾಪೆ ಮೇಲೆ ಇಳಿಸಮ್ಮ. ಎತ್ತೋದು ಇಳಿಸೋದು ನಿನಗೆ ಅಭ್ಯಾಸ ಇದೆಯಲ್ಲ."

ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತೆ. ಮಗಳ ತೋಳನ್ನು ಮೆಲ್ಲಗೆ ಆಚೆ ಸರಿಸಿ, ಅವಳ ಪಕ್ಕದಲ್ಲಿ ಉದ್ದಕ್ಕೆ ಮಲಗಿಬಿಟ್ಟೆ. ಆ ಹಾಸಿಗೆ ಬಂದಾಗಿನಿಂದ ಅದರ ಮೇಲೆ ಒಮ್ಮೆ ಕೂತವಳೂ ಅಲ್ಲ ನಾನು. ಬೆನ್ನ ಕೆಳಗೆ ಗಾಳಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಿತು. ಸೊಂಟ ಆಹಾ ಎಂದಿತು.

"ಏನಮ್ಮ ಇದು? ಏಳು! ಇದು ಅಧ್ಯಯನದ ಸ್ವತ್ತು!"

"ನಾನೂ ಅಧ್ಯಯನದವಳೇ ಅಲ್ವಾ ಸಾರ್? ಸುತ್ತಿ. ನಮ್ಮಿಬ್ಬರನ್ನೂ ಸೇರಿಸಿ ಸುತ್ತಿ."

"ಡ್ರೈವರ್, ಎಳಿಯಯ್ಯ!"

ಒಳಗೆ ಬಂದಿದ್ದ ಡ್ರೈವರ್ ತಲೆ ಕೆರೆದುಕೊಂಡ. "ನನ್ನ ಇಟ್ಕೊಂಡಿರೋದು ಗಾಡಿ ಓಡಿಸೋಕೆ ಸಾರ್, ತಾಯಿ ಮಗಳನ್ನ ಎಳೆಯೋಕಲ್ಲ. ಬೇಕಿದ್ರೆ ನೀವೇ ಎಳೀರಿ," ಎಂದವನು ಹೊಸ್ತಿಲ ಮೇಲೆ ಕುಳಿತುಬಿಟ್ಟ.

ಪ್ರೊಫೆಸರು ಹತ್ತಿರ ಬಂದರು. ಕಾಲು ಹಿಡಿಯಬೇಕೋ ಭುಜ ಹಿಡಿಯಬೇಕೋ ತಿಳಿಯದೆ, ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಮತ್ತೆ ಚಾಚಿದರು.

"ಅಮ್ಮಾ, ಆ ಕಡೆ ಸರಿ. ಜಾಗನೆಲ್ಲ ನೀನೇ ನುಂಗಿದೀಯ," ಎಂದಳು ಮಗಳು.

"ಇದು ಸರಿಯಲ್ಲಮ್ಮ," ಎಂದರು ಪ್ರೊಫೆಸರು.

"ಹೌದು ಸಾರ್, ಸರಿಯಲ್ಲ," ಎಂದು, ಅವರಿಗೆ ಬೆನ್ನು ಹಾಕಿ, ಇಬ್ಬರಿಗೂ ಸೇರಿಸಿ ಹೊದಿಕೆ ಎಳೆದುಕೊಂಡೆ.