ಮಗಳ ರೇಟು

“ಮೇಡಂ, ಸ್ವಲ್ಪ ಕಾಲೆತ್ತಿ.”

ಅವಳು ಕಾಲೆತ್ತಿದಳು. ಕುರ್ಚಿಯ ಕೆಳಗೆ ಮಾಪು ಹೋಗಿ ಬಂತು. ಅದರ ಕೋಲು ಹಿಡಿದಿದ್ದವಳು ಅವಳ ಹೆತ್ತ ತಾಯಿ. ಈ ಕಟ್ಟಡದೊಳಗೆ ನಾವಿಬ್ಬರೂ ಒಬ್ಬರಿಗೊಬ್ಬರು ಯಾರೂ ಅಲ್ಲ ಎಂದು ಮನೆಯಲ್ಲೇ ಮಾತಾಗಿತ್ತು. ಕಕ್ಕಸು ತೊಳೆಯುವವಳ ಮಗಳು ಎಂದು ಗೊತ್ತಾದರೆ ಕೇಳಿದ ರೇಟು ಯಾರು ಕೊಡುತ್ತಾರೆ? ಆ ಉಪಾಯ ಹೇಳಿಕೊಟ್ಟವಳೂ ಅಮ್ಮನೇ.

ಮೇಜಿನಾಚೆ ಕೂತಿದ್ದ ಧಣಿ ಆಫೀಸುಗಳಿಗೆ ಗುಡಿಸಿ ಒರೆಸುವ ಹೆಂಗಸರನ್ನು ಒದಗಿಸುವ ಗುತ್ತಿಗೆದಾರ. ಅವಳು ಯಾವ ಕಂಪನಿಗೂ ಸೇರದೆ, ಗಂಟೆಗೆ ಇಷ್ಟು ಎಂದು ಮಾತಾಡಿಕೊಂಡು ಸಾಫ್ಟ್‌ವೇರ್ ಬರೆದುಕೊಡುವವಳು. ಆರು ತಿಂಗಳ ಹಿಂದೆ ಇದೇ ಧಣಿಗೆ ಹಾಜರಿಯ ಸಾಫ್ಟ್‌ವೇರ್ ಬರೆದುಕೊಟ್ಟಿದ್ದಳು. ಪ್ರತಿ ಕಕ್ಕಸಿನ ಬಾಗಿಲಲ್ಲೂ ಒಂದು ಪುಟ್ಟ ಡಬ್ಬಿ. ಕೆಲಸದವಳು ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ ಹೆಬ್ಬೆಟ್ಟು ಒತ್ತಬೇಕು. ‘ಈ ಸಲ ಅರ್ಧಕ್ಕೆ ಮಾಡಿಕೊಡಮ್ಮ, ಎರಡನೇ ಭಾಗಕ್ಕೆ ನೀನು ಹೇಳಿದ್ದೇ ರೇಟು’ ಎಂದು ಆಗ ಅವನು ಎದೆ ಮುಟ್ಟಿಕೊಂಡು ಹೇಳಿದ್ದ.

“ಗಂಟೆಗೆ ಎಂಟುನೂರು ಸರ್. ನೀವೇ ಒಪ್ಪಿದ್ದು.”

“ಒಪ್ಪಿದ್ದೆ ಅಂತ ಎಲ್ಲಿ ಬರ್ದಿದೆ? ನಾನೂರು. ಅದೂ ಜಾಸ್ತೀನೇ.”

“ನಾನೂರಕ್ಕೆ ಆಗಲ್ಲ. ಕೈಯಲ್ಲಿ ಇನ್ನೆರಡು ಕೆಲ್ಸ ಇವೆ. ಅವ್ರು ಒಂಬೈನೂರು ಕೊಡ್ತಿದ್ದಾರೆ.”

ಈ ಮಾತನ್ನು ಅವಳು ಬೆಳಿಗ್ಗೆ ಕನ್ನಡಿಯ ಮುಂದೆ ನಾಲ್ಕೈದು ಸಲ ಹೇಳಿ ನೋಡಿಕೊಂಡು ಬಂದಿದ್ದಳು. ಎಲ್ಲೂ ತೊದಲಲಿಲ್ಲ.

ಧಣಿ ಕುರ್ಚಿಗೊರಗಿ ನಕ್ಕ. “ಏನೇ,” ಎಂದ, ಅವಳಿಗಲ್ಲ, ನೆಲ ಒರೆಸುತ್ತಿದ್ದವಳಿಗೆ. “ನಿನ್ ಮಗಳ ಕೈಯಲ್ಲಿ ಎರಡು ಕೆಲ್ಸ ಇದ್ಯಂತೆ. ಮೊನ್ನೆ ನನ್ನತ್ರ ಏನಂದೆ ನೀನು?”

ಮಾಪು ನಿಂತಿತು.

“ಹೇಳೇ. ಬಾಯಿ ಬಿದ್ದೋಯ್ತಾ?”

“ಎರಡು ತಿಂಗಳಿಂದ ಕೆಲ್ಸ ಇಲ್ದೆ ಮನೇಲಿ ಕೂತವ್ಳೆ ಅಂದೆ ಸ್ವಾಮಿ.”

“ಇನ್ನೂ?”

“ನಾನೂರು ಕೊಟ್ರೂ ಮಾಡ್ತಾಳೆ ಅಂದೆ.”

ಅಮ್ಮ ಅಷ್ಟನ್ನೂ ಬಕೆಟ್ಟಿನ ನೀರಿಗೆ ಹೇಳಿದಂತೆ ಹೇಳಿದಳು. ಮಗಳಿಗೆ ಕಿವಿ ಬಿಸಿಯಾಯಿತು. ಕಾಲು ಇನ್ನೂ ಎತ್ತಿಕೊಂಡೇ ಕೂತಿದ್ದೇನೆಂಬುದು ಆಗ ಗೊತ್ತಾಗಿ ಕೆಳಗಿಟ್ಟಳು. ಒದ್ದೆ ನೆಲದ ಮೇಲೆ ಚಪ್ಪಲಿಯ ಗುರುತು ಮೂಡಿತು.

“ಕೇಳಿಸ್ತಾ ಮೇಡಂ?” ಧಣಿ ಆ ಮೇಡಂ ಎಂಬುದನ್ನು ಉಗುಳಿದ. “ಕಕ್ಕಸು ತೊಳ್ದ ದುಡ್ಡಲ್ಲಿ ಓದ್ಕೊಂಡು ನನ್ನ ಮುಂದೇನೇ ಬುರುಡೆ ಬಿಡ್ತೀಯಾ? ಸುಳ್ಳು ಹೇಳಿದ್ದಕ್ಕೆ ಐವತ್ತು ಕಟ್. ಈಗ ಮುನ್ನೂರೈವತ್ತು. ಹೊರಗೆ ಹೋಗಿ ತಾಯಿ ಮಗಳು ಮಾತಾಡ್ಕೊಂಡು ಬನ್ನಿ.”

ಮೆಟ್ಟಿಲಿನ ಹತ್ತಿರ ಅವಳು ಅಮ್ಮನ ತೋಳು ಹಿಡಿದು ನಿಲ್ಲಿಸಿದಳು. “ಯಾಕಮ್ಮಾ?”

“ಇಲ್ಲಿ ಬೇಡ. ಯಾರಾದ್ರೂ ನೋಡ್ತಾರೆ.”

“ನೋಡೋಕೆ ಇನ್ನೇನು ಉಳ್ಸಿದ್ದೀಯ?”

ಅಮ್ಮ ಮೊಣಕಾಲು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಳು. “ನನ್ ಮಗಳಿಗೇ ಆ ಕೆಲ್ಸ ಕೊಡಿ ಸ್ವಾಮಿ ಅಂತ ಕೇಳೋಕೆ ಹೋಗಿದ್ದೆ. ಅವ್ನು ಕೂರಿಸ್ಕೊಂಡು ಮಾತಾಡ್ಸಿದ. ಎಲ್ಲಾ ಹೇಳು, ಒಂದನೇ ತಾರೀಕಿಂದ ನಿನ್ನ ಮೇಸ್ತ್ರಿ ಮಾಡ್ತೀನಿ ಅಂದ. ಕುರ್ಚಿ ಕೊಡ್ತಾನಂತೆ. ಇಪ್ಪತ್ತಾರು ವರ್ಷ ಆಯ್ತು ಕಣೇ, ಬಗ್ಗಿ ಬಗ್ಗಿ.”

“ಒಂದು ಕುರ್ಚಿಗೆ ನನ್ನ ಮಾರ್ಬಿಟ್ಟೆ.”

“ಹೂಂ, ಮಾರ್ದೆ.” ಅಮ್ಮ ತಲೆಯೆತ್ತಿದಳು. “ನೀನು ನನ್ನ ಎಷ್ಟಕ್ಕೆ ಮಾರಿದ್ದೆ? ಅದನ್ನ ಹೇಳು.”

ಮಗಳಿಗೆ ಅರ್ಥವಾಗಲಿಲ್ಲ.

“ಆ ಹಾಳು ಡಬ್ಬಿ ಮಾಡ್ಬೇಕಾದ್ರೆ ನನ್ನ ಒಂದು ಮಾತು ಕೇಳಿದ್ಯಾ? ಹನ್ನೆರಡು ನಿಮಿಷ ದಾಟಿದ್ರೆ ಕೂಲಿ ಕಟ್. ಯಾವನೋ ಸೂಳೆಮಗ ಗೋಡೆಗೆಲ್ಲಾ ಮೆತ್ತಿ ಹೋಗಿರ್ತಾನೆ, ಹನ್ನೆರಡು ನಿಮಿಷದಲ್ಲಿ ತಿಕ್ಕೋಕಾಗ್ತದಾ? ನಾವು ಉಚ್ಚೆಗೆ ಹೋದ್ರೂ ಅದೇ ಡಬ್ಬಿ. ಹೋದ ತಿಂಗಳು ನಾಲ್ಕು ದಿನದ ಕೂಲಿ ಹೋಯ್ತು ನಂದು. ಕೆಳಗೆ ಎಲ್ರೂ ಅದನ್ನ ಮಾಡಿದವನ ತಾಯಿಗೆ ಬೈತಾರೆ. ನಾನೂ ಅವ್ರ ಜೊತೆ ಸೇರ್ಕೊಂಡು ಬೈತೀನಿ. ಇನ್ನೇನು ಮಾಡ್ಲಿ?”

ಅವಳಿಗೆ ನೆನಪಾಯಿತು. ‘ಎಷ್ಟು ನಿಮಿಷ ಅಂತ ತುಂಬೋದಕ್ಕೆ ಒಂದು ಖಾಲಿ ಜಾಗ ಇಡಮ್ಮ. ಎಲ್ಲಿ ಜನ ಸಾಲದು ಅಂತ ಗೊತ್ತಾಗ್ಲಿ’ ಎಂದಿದ್ದ ಧಣಿ. ನಂಬಿದ್ದಳು. ನಂಬುವುದು ಆಗ ಅವಳಿಗೂ ಅನುಕೂಲವಾಗಿತ್ತು.

“ನಂಗೆ ಹೇಳ್ಬಹುದಿತ್ತಲ್ಲಮ್ಮಾ.”

“ಹೇಳಿದ್ರೆ ನೀನು ಬಿಟ್ಬಿಡ್ತಿದ್ದೆ. ಆಮೇಲೆ ಬಾಡಿಗೆ ನಿಮ್ಮಪ್ಪ ಮಣ್ಣಿಂದ ಎದ್ದು ಬಂದು ಕಟ್ತಿದ್ನಾ?”

ಧಣಿ ಬಾಗಿಲಿಗೆ ಬಂದು ನಿಂತ. “ಆಯ್ತಾ ನಿಮ್ ನಾಟ್ಕ? ಕೇಳಿಲ್ಲಿ. ಎರಡನೇ ಭಾಗದಲ್ಲಿ ಹನ್ನೆರಡು ಹೋಗಿ ಒಂಬತ್ತು ಆಗ್ಬೇಕು. ಒಂಬತ್ತು ದಾಟ್ತು ಅಂದ್ರೆ ಡಬ್ಬಿ ಇಡೀ ಮಹಡಿಗೆ ಕೇಳೋ ಹಾಗೆ ಕಿರುಚ್ಬೇಕು. ಮುನ್ನೂರೈವತ್ತು. ನೀನಿಲ್ಲಾಂದ್ರೆ ಇನ್ನೂರಕ್ಕೆ ಮಾಡೋರು ಸಾಲಾಗಿ ನಿಂತವ್ರೆ.”

ಅದು ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು. ಲ್ಯಾಪ್‌ಟಾಪಿನ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು. ಹೊರಬಾಗಿಲಿದ್ದ ಮಹಡಿಯಲ್ಲಿ ನಿಲ್ಲಲಿಲ್ಲ. ಇನ್ನೂ ಕೆಳಗೆ, ನೆಲಮಾಳಿಗೆಗೆ ಹೋದಳು.

ಊಟದ ಹೊತ್ತು. ನೀರಿನ ಪೈಪುಗಳ ಕೆಳಗೆ, ಫೆನಾಯಿಲಿನ ಕ್ಯಾನುಗಳ ನಡುವೆ, ಇಪ್ಪತ್ತು ಮೂವತ್ತು ಹೆಂಗಸರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಅವಳು ಒಂದು ಬಕೆಟ್ ಬೋರಲು ಹಾಕಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟಳು.

“ಬಾಗಿಲಲ್ಲಿರೋ ಆ ಹೆಬ್ಬೆಟ್ಟಿನ ಡಬ್ಬಿ ಇದ್ಯಲ್ಲ. ಅದನ್ನ ಮಾಡಿದ್ದು ನಾನು.”

ಅಗಿಯುತ್ತಿದ್ದ ಬಾಯಿಗಳು ನಿಂತವು. ಗಂಟಲು ದೊಡ್ಡದೆಂದು ಎಲ್ಲರೂ ಗುಡುಗಮ್ಮ ಎನ್ನುತ್ತಿದ್ದ ಹೆಂಗಸು ಎದ್ದಳು. ಸೆರಗಿಗೆ ಕೈ ಒರೆಸಿಕೊಂಡು ಬಂದು ಅವಳ ಕೆನ್ನೆಗೆ ಬಾರಿಸಿದಳು.

“ಮುಂಡೇದೇ! ನಿನ್ನ ಹೆತ್ತವಳು ಯಾವಳೇ?”

ಅವಳು ಕೆನ್ನೆಗೆ ಕೈ ಒತ್ತಿಕೊಂಡಳು. ತುಟಿಯ ಒಳಗೆ ರಕ್ತದ ರುಚಿ.

“ನಾನೇ ಕಣೇ,” ಎಂಬ ದನಿ ಮೆಟ್ಟಿಲ ಕಡೆಯಿಂದ ಬಂತು.

ಅಮ್ಮ ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಇಳಿದು ಬರುತ್ತಿದ್ದಳು. ಯಾರೂ ಜಾಗ ಬಿಡಲಿಲ್ಲ. ಒಬ್ಬಳು ಪಕ್ಕಕ್ಕೆ ತಿರುಗಿ ಉಗಿದಳು. ಅಮ್ಮ ಅದನ್ನು ದಾಟಿ ಬಂದು ಗೋಡೆಗೊರಗಿ ನಿಂತಳು, ಮಗಳ ಪಕ್ಕದಲ್ಲಲ್ಲ, ಎದುರಿಗೆ.

“ಯಾರ್ದು ಎಷ್ಟು ನಿಮಿಷ, ಎಷ್ಟು ಕೂಲಿ ಕಟ್ ಆಯ್ತು, ಎಲ್ಲಾ ಇದ್ರಲ್ಲಿದೆ, ಪಾಸ್‌ವರ್ಡ್ ಇನ್ನೂ ನನ್ನತ್ರ ಇದೆ,” ಎಂದಳು ಮಗಳು. “ಅವ್ನು ನಿಮ್ಗೆ ಯಾವತ್ತೂ ತೋರ್ಸಲ್ಲ. ನಾನು ಓದ್ತೀನಿ. ಕಾಗ್ದ ಇದ್ದೋರು ಬರ್ಕೊಳ್ಳಿ.”

“ಓದಿ ಏನು ಕಿಸೀತೀಯ?” ಎಂದಳು ಗುಡುಗಮ್ಮ.

“ಗೊತ್ತಿಲ್ಲ.”

ಅವಳ ಚೀಲದಲ್ಲಿ ಫೋನು ಗುಂಯ್‌ಗುಟ್ಟತೊಡಗಿತು. ನಿಂತು, ಮತ್ತೆ ಗುಂಯ್‌ಗುಟ್ಟಿತು.

“ನಂದು ಮೊದ್ಲು ಓದು,” ಎಂದಳು ಅಮ್ಮ.

“ಏಳನೇ ತಾರೀಕು. ಮೂರನೇ ಮಹಡಿ. ಹತ್ತೊಂಬತ್ತು ನಿಮಿಷ. ಅರ್ಧ ದಿನ ಕಟ್.” ಅವಳ ದನಿ ಒಡೆಯಿತು. “ಎಂಟನೇ ತಾರೀಕು...”

ಮೇಲಿನಿಂದ ಧಣಿಯ ಬೂಟಿನ ಸದ್ದು ದಡದಡನೆ ಇಳಿದು ಬರುತ್ತಿತ್ತು.

“ಗಟ್ಟಿಯಾಗಿ ಓದೇ,” ಎಂದಳು ಅಮ್ಮ, ಮಗಳ ಮುಖ ನೋಡದೆ.